ಹಾಲೆಂಡ್ ಅಜ್ಜಿ ಮತ್ತು ಅಪ್ಪನ ಬೋರ್ಡು

ಕಾಶಿಯ ಸೋನಾರ್‌ಪುರದ ನಮ್ಮ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದ ಡಚ್ ಹೆಂಗಸು ಮೊದಲ ದಿನವೇ ಅಡುಗೆಮನೆಯ ಉಪ್ಪಿನ ಪ್ಯಾಕೆಟ್ಟನ್ನು ಕೈಗೆತ್ತಿಕೊಂಡು ಐದು ನಿಮಿಷ ನೋಡುತ್ತ ನಿಂತರು. ಅಮ್ಮನಿಗೆ ಗಾಬರಿ. “ಉಪ್ಪಲ್ಲಿ ಹುಳ ಇದೆಯಾ, ಕೇಳೇ” ಅಂದಳು. ಅವರು ನೋಡುತ್ತಿದ್ದದ್ದು ಅಕ್ಷರಗಳನ್ನು! ಎಪ್ಪತ್ತು ದಾಟಿದ ಅವರು ತಮ್ಮ ದೇಶದಲ್ಲಿ ನಲವತ್ತು ವರ್ಷ ಗ್ರಾಫಿಕ್ ಡಿಸೈನರ್ ಆಗಿದ್ದವರು. ಪೋಸ್ಟರು, ಅಂಚೆಚೀಟಿ, ಪುಸ್ತಕದ ಮುಖಪುಟ ಎಲ್ಲ ಮಾಡಿದ್ದರು. ಇಂಥದ್ದನ್ನೆಲ್ಲ ಯಾರೋ ಕೂತು ಯೋಚಿಸಿ ಮಾಡುತ್ತಾರೆ, ಅದೂ ಒಂದು ಕಸುಬು ಎಂಬುದೇ ನನಗೆ ಹೊಸದು. ಆಗಲೇ ನನಗೆ ಹುಚ್ಚು ಹಿಡಿಯಿತು.

ದಿನಾ ಚಹಾದ ನೆಪದಲ್ಲಿ ಮಹಡಿ ಹತ್ತುತ್ತಿದ್ದೆ. ನನ್ನ ಹರುಕುಮುರುಕು ಇಂಗ್ಲಿಷಿನಲ್ಲೇ ಹಾಲೆಂಡ್ ಅಜ್ಜಿಯ ಬದುಕನ್ನೆಲ್ಲ ಕೆದಕಿ ಕೇಳಿದೆ. ಅವರು ಬೇಕರಿಯವನ ಮಗಳು. ಅಂಗಡಿಯ ಗಾಜಿಗೆ ಅಂಟಿಸುವ ಚೀಟಿ ಬರೆಯುತ್ತ ಅಕ್ಷರದ ರುಚಿ ಹತ್ತಿತು. ಹದಿನೇಳಕ್ಕೆ ಮುದ್ರಣಾಲಯ ಸೇರಿ ಸೀಸದ ಅಚ್ಚುಮೊಳೆ ಜೋಡಿಸಿದರು. ಮುಂದೆ ಒಂದು ದೊಡ್ಡ ಆಸ್ಪತ್ರೆಗೆ ದಾರಿ ತೋರಿಸುವ ಫಲಕಗಳನ್ನು ಮಾಡಿದಾಗ ಪತ್ರಿಕೆಗಳು ಹೊಗಳಿದವು, ರೋಗಿಗಳು ಮಾತ್ರ ದಾರಿ ತಪ್ಪಿದರು. ಒಂದು ವಾರ ಬೆಂಚಿನ ಮೇಲೆ ಕೂತು, ಬಂದವರ ಕಣ್ಣು ಎಲ್ಲೆಲ್ಲಿ ಹೋಗುತ್ತದೆಂದು ನೋಡಿ, ಎಲ್ಲವನ್ನೂ ಕಿತ್ತು ಮತ್ತೆ ಮಾಡಿದರಂತೆ. ಕಥೆಯನ್ನು ಬಾಯಿಬಿಟ್ಟುಕೊಂಡು ಕೇಳಿದೆ. ಅದರ ಪಾಠ ಮಾತ್ರ ತಲೆಗೆ ಹೋಗಲಿಲ್ಲ.

ಆಗಷ್ಟೇ ನನ್ನ ಬಿ.ಎ. ಮುಗಿದಿತ್ತು. ಅಪ್ಪ ಬಿ.ಎಡ್. ಅಂದರೆ ನಾನು ಡಿಸೈನ್ ಕಾಲೇಜು ಅಂದೆ. ಅಪ್ಪ ದಶಾಶ್ವಮೇಧ ಘಾಟಿನಲ್ಲಿ ಕರ್ನಾಟಕದ ಯಾತ್ರಿಕರಿಗೆ ಸಂಕಲ್ಪ, ಪಿಂಡದಾನ ಮಾಡಿಸುವ ಪುರೋಹಿತರು. “ಅಷ್ಟು ಹುಷಾರಿದ್ರೆ ಮೊದಲು ನನ್ನ ಬೋರ್ಡು ಹೊಸದು ಮಾಡು. ಜನ ಬಂದ್ರೆ ಕಾಲೇಜಿನ ಮಾತು. ಬರದಿದ್ರೆ ಬಿ.ಎಡ್., ಅಷ್ಟೇ!” ಅಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಘಾಟಿನಲ್ಲಿ ದೊಡ್ಡ ಛತ್ರಿಗಳ ಕೆಳಗೆ ಕೂರುವ ಒಬ್ಬೊಬ್ಬ ಪುರೋಹಿತರಿಗೂ ಬೋರ್ಡಿನ ಮೇಲೆ ಒಂದು ಗುರುತು ಇರುತ್ತದೆ. ಒಬ್ಬರದು ಮೀನು, ಇನ್ನೊಬ್ಬರದು ಆನೆ. ನಮ್ಮದು ಮುತ್ತಜ್ಜನ ಕಾಲದ ಗಿಳಿ. ಬಣ್ಣ ಹೋಗಿ ಅದು ಕಾಗೆಯಂತೆ ಕಾಣುತ್ತಿತ್ತು. ಈಗ ಎಲ್ಲರಿಗೂ ಓದು ಬರುತ್ತದಲ್ಲ, ಹಕ್ಕಿ ಯಾಕೆ? ಹಲಗೆಗೆಲ್ಲ ಬಿಳಿ ಬಣ್ಣ ಬಳಿದು ಕೆಂಪಕ್ಷರದಲ್ಲಿ ‘ಕರ್ನಾಟಕದ ಪುರೋಹಿತರು’ ಎಂದಷ್ಟೇ ಬರೆದೆ. ಅಜ್ಜಿ ನಾಲ್ಕು ದಿನ ಸಾರನಾಥದಲ್ಲಿದ್ದರು. ಅವರು ಬರುವ ತನಕ ಕಾಯಬೇಕಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ.

“ದವಾಖಾನೆ ಬೋರ್ಡು ಇದ್ದ ಹಾಗಿದೆಯಲ್ಲಮ್ಮಾ” ಅನ್ನುತ್ತಲೇ ಅಪ್ಪ ಅದನ್ನು ತೂಗುಹಾಕಿದರು. ಮರುದಿನ ಬೆಳಿಗ್ಗೆ ಹಾವೇರಿ ಕಡೆಯ ಒಂದು ಬಸ್ಸಿನ ಜನ ಆ ಬೋರ್ಡಿನ ಮುಂದೆಯೇ ಹಾದು ಹೋಗಿ ಬೇರೆಯವರ ಛತ್ರಿಯ ಕೆಳಗೆ ಕೂತರು. ಅಪ್ಪ ಬಿಚ್ಚಿಟ್ಟಿದ್ದ ದರ್ಭೆಯನ್ನು ಮತ್ತೆ ಕಟ್ಟಿಟ್ಟರು. ಬೈದಿದ್ದರೇ ಚೆನ್ನಾಗಿತ್ತು. ನಾನು ಮನೆಗೆ ಬಂದು ಅತ್ತೆ.

ಸಾರನಾಥದಿಂದ ಬಂದ ಅಜ್ಜಿ ನನ್ನನ್ನು ಸಮಾಧಾನ ಮಾಡಲಿಲ್ಲ. ಎರಡು ಬೆಳಿಗ್ಗೆ ಘಾಟಿನ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಸುಮ್ಮನೆ ನೋಡು ಅಂದರು. ನೋಡಿದೆ. ಜಾರೀತೆಂದು ಎಲ್ಲರೂ ಕಾಲು ನೋಡಿಕೊಂಡೇ ಇಳಿಯುತ್ತಿದ್ದರು. ನಡುವೆ ಒಮ್ಮೆ ಮಾತ್ರ ತಲೆಯೆತ್ತಿ ಛತ್ರಿಗಳ ಮೇಲೆ ಕಣ್ಣಾಡಿಸುತ್ತಿದ್ದರು. ಓದುವವರು ಒಬ್ಬರೂ ಇಲ್ಲ! ಅಷ್ಟರಲ್ಲಿ ಒಬ್ಬ ಮುದುಕಿ ನನ್ನನ್ನೇ ಕೇಳಿದರು: “ತಂಗೀ, ಗಿಳಿ ಎಲ್ಲೈತವ್ವಾ? ಕಾಶಿಗೆ ಹೋದ್ರ ಗಿಳಿ ಇದ್ದಲ್ಲೇ ಕುಂದ್ರು ಅಂತ ನಮ್ಮತ್ತಿ ಹೇಳ್ಯಾರ.”

ನಾನು ಎದ್ದು ಕುಣಿಯುವುದೊಂದು ಬಾಕಿ. ಅವರ ಅತ್ತೆಗೆ ಅದನ್ನು ಹೇಳಿದವರು ಇನ್ಯಾರ ಅತ್ತೆಯೋ! ಎಷ್ಟೋ ಮನೆಗಳು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ಡಬ್ಬಿ ಬಿಳಿ ಬಣ್ಣದಲ್ಲಿ ಅಳಿಸಿಬಿಟ್ಟಿದ್ದೆ. ಮುದುಕಿಯನ್ನು ಕೈಹಿಡಿದು ಅಪ್ಪನ ಹತ್ತಿರ ಬಿಟ್ಟು ಮನೆಗೆ ಓಡಿದೆ. ಅಪ್ಪನ ಇನ್ನೊಂದು ಛತ್ರಿಯನ್ನು ಮಾಳಿಗೆಯ ಮೇಲೆ ಬಿಚ್ಚಿ, ಅದರ ಬಟ್ಟೆ ತುಂಬ ಗಿಳಿ ಬರೆದೆ. ಹಸಿರು ಮೈ, ಕೆಂಪು ಕೊಕ್ಕು. ಅಜ್ಜಿ ಒಂದೇ ಮಾತು ಹೇಳಿದರು: “ಇನ್ನೂ ದೊಡ್ಡದು.” ಮೇಲಿನ ಮೆಟ್ಟಿಲಿಂದಲೇ ಕಾಣುವಷ್ಟು ದೊಡ್ಡದು ಮಾಡಿದೆ.

ಸೋಮವಾರ ಬೆಳಿಗ್ಗೆ ಮೇಲಿನಿಂದ ಕೂಗು ಕೇಳಿತು: “ಏ, ಅಲ್ಲೈತಿ ನೋಡ್ರಿ!” ಒಂದಿಡೀ ಬಸ್ಸಿನ ಜನ ದುಡುದುಡು ಇಳಿದು ಬಂದರು. ಅವರ ಹಿಂದೆ ಇನ್ನೊಂದು ಗುಂಪು. ಅಪ್ಪನಿಗೆ ದರ್ಭೆ ಹಂಚಿ ಮುಗಿಯಲೊಲ್ಲದು. ನನಗೆ ಖುಷಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಸಂಜೆ ಅಪ್ಪ ಮೊದಲ ಸಲ ಅಜ್ಜಿಯ ಕೋಣೆಗೆ ಬಂದರು. ಅವರಿಗೆ ಇಂಗ್ಲಿಷ್ ಬಾರದು, ಅಜ್ಜಿಗೆ ಕನ್ನಡವಾಗಲಿ ಹಿಂದಿಯಾಗಲಿ ಬಾರದು. “ಇವಳ ಕೈಲಿ ಈ ಕಸುಬು ಆಗತ್ತಾ? ಮುಲಾಜಿಲ್ಲದೆ ಹೇಳಿ ಅಂತ ಕೇಳು” ಅಂದರು. ನನ್ನ ಬಗ್ಗೆಯೇ ನಾನು ಕೇಳಬೇಕು! ಕೇಳಿದೆ. ಅಜ್ಜಿ ನನ್ನನ್ನು ನೋಡದೆ ಅಪ್ಪನ ಮುಖ ನೋಡಿ ಹೇಳಿದರು: “ನಲವತ್ತು ವರ್ಷದಲ್ಲಿ ಎಷ್ಟೋ ಜನರನ್ನು ಆಗದು ಎಂದು ವಾಪಸು ಕಳಿಸಿದ್ದೇನೆ. ಇವಳನ್ನು ಕಳಿಸುತ್ತಿರಲಿಲ್ಲ.”

ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ. ನಗು, ಅಳು ಒಟ್ಟಿಗೇ ಉಕ್ಕಿ ಬಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಅಪ್ಪ ನನ್ನ ಕೈ ಸರಿಸಿ ಮುಖ ನೋಡಿದರು.

“ಬಿಡು, ಹೇಳೋದು ಬೇಡ. ಆ ಕಾಲೇಜು ಇರೋದು ಯಾವ ಊರಲ್ಲಿ?” ಅಂದರು.