ಹರಿಗೋಲಿನ ತಳದ ಬಿಳಿ ಜಾಗ

ಎಂಬತ್ತರ ದಶಕದಲ್ಲಿ, ಪತ್ರಿಕೆ ಸೇರುವ ಮುನ್ನ, ಬಳ್ಳಾರಿಯ ಹೊರಗೆ ಸಿರುಗುಪ್ಪ ರಸ್ತೆಯಲ್ಲಿದ್ದ ಒಂದು ಫೈಬರ್ ಶೆಡ್ಡಿನಲ್ಲಿ ಎರಡು ಬೇಸಿಗೆ ದುಡಿದೆ. ಗಾಜಿನ ನಾರಿನ ಮ್ಯಾಟನ್ನು ಬಾಗಿದ ಅಚ್ಚಿನೊಳಗೆ ಹಾಸಿ, ರೆಸಿನ್ ಎಂಬ ಅಂಟುದ್ರವ ಬಳಿದು, ಗಟ್ಟಿಯಾದ ಮೇಲೆ ಕಳಚುವ ಕೆಲಸ. ಹಾಸುವವಳು ಕುರುಗೋಡಿನ ಹೆಂಗಸು, ಮೊದಲು ಕೌದಿ ಹೊಲಿಯುತ್ತಿದ್ದವಳು. ನಾನು ಮ್ಯಾಟಿನ ಇನ್ನೊಂದು ಅಂಚು ಹಿಡಿಯುತ್ತಿದ್ದೆ. ಅವಳು ಕತ್ತರಿ ಮುಟ್ಟುತ್ತಿರಲಿಲ್ಲ. ಕೈಯಿಂದ ಹರಿದರೆ ಅಂಚಿನ ಎಳೆಗಳು ಪಕ್ಕದ ತುಂಡಿನೊಳಗೆ ಬೆರೆಯುತ್ತವೆ, ಸುಕ್ಕು ಏಳುವುದಿಲ್ಲ.

ಸಿರುಗುಪ್ಪದ ಅಂಬಿಗನೊಬ್ಬ ಹರಿಗೋಲು ಮಾಡಿಕೊಡಲು ಹೇಳಿದ್ದ. ಕೂಲಿಯವರನ್ನು ದಿನಾ ಹೊಳೆ ದಾಟಿಸುವವನು. ಮರುದಿನವೇ ಒಯ್ಯಲು ಬರುವವನಿದ್ದ. ಬಿಸಿಲು ಹೆಚ್ಚಿದ್ದಾಗ ರೆಸಿನ್ನನ್ನು ಗಟ್ಟಿ ಮಾಡುವ ಹಾರ್ಡನರ್ ಕಡಿಮೆ ಹಾಕಬೇಕು. ಮಾಲೀಕ ಅವಸರಕ್ಕೆ ಚಳಿಗಾಲದ ಅಳತೆಗಿಂತಲೂ ಹೆಚ್ಚು ಸುರಿದ.

"ಅಷ್ಟು ಬ್ಯಾಡ್ರಿ ಸಾವ್ಕಾರ್ರ, ಹಾಸೂದ್ರಾಗ ಕಲ್ಲಾಗತೈತಿ."

"ಕೌದಿ ಹೊಲಿಯಾಕಿ ನನಗ ಕಲಸ್ತೀಯೇನ್? ಕೈ ಆಡಸ್ ಬೇ."

ಎರಡನೇ ಪದರ ಮುಗಿಯುವ ಮೊದಲೇ ಬಕೆಟ್ಟಿನಲ್ಲಿ ರೆಸಿನ್ ಹೊಗೆಯಾಡಿತು. ತಳದ ನಡುವೆ ಮೊಳದುದ್ದದ ಜಾಗ ರೆಸಿನ್ ಕುಡಿಯದೆ ಬೆಳ್ಳಗೆ ಉಳಿಯಿತು, ಭಾರ ಬಿದ್ದರೆ ಒಡೆಯುವಂತೆ. ಮಾಲೀಕ ಸಿಟ್ಟಿಗೆ ಬಕೆಟ್ ಒದ್ದ. ಸುಡುವ ಮುದ್ದೆ ಅವಳ ಮುಂಗೈಗೆ ಅಂಟಿತು. ನಾನು ಕಿತ್ತೆ, ಚರ್ಮವೂ ಬಂತು. ಅವಳು ಕಿರುಚುತ್ತಿರುವಾಗಲೇ ಅವನು ಕಪಾಳಕ್ಕೆ ಹೊಡೆದ. ಅವಳು ಮ್ಯಾಟ್ ಒತ್ತುವ ಕಬ್ಬಿಣದ ರೋಲರ್ ಬೀಸಿದಳು. ಅವನ ಹುಬ್ಬು ಒಡೆಯಿತು.

ಸಂಜೆ ಮಾಲೀಕನೂ ನಾನೂ ಅಚ್ಚಿನಿಂದ ಹರಿಗೋಲು ಕಳಚಿದೆವು. ಒಳಗೆ ದಪ್ಪಗೆ ನೀಲಿ ಬಣ್ಣ ಹೊಡೆಯಲು ಮಾಲೀಕ ನನಗೆ ಹೇಳಿದ. ಹೊಡೆದೆ. ಬಿಳಿ ಜಾಗ ಮುಚ್ಚಿತು.

ಬೆಳಿಗ್ಗೆ ಅಂಬಿಗ ಟ್ರ್ಯಾಕ್ಟರ್ ತಂದ. "ನನ್ನ ಮದಿವ್ಯಾಗೂ ಮನೀಗೆ ಇಂಥಾ ಬಣ್ಣ ಹೊಡಿಸಿದ್ದಿಲ್ರಿ!" ಎಂದು ನಕ್ಕ.

ಅವಳು ಕೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದಳು. "ಎಷ್ಟು ಮಂದಿ ಕುಂದರ್ತಾರಣ್ಣಾ?"

"ಹತ್ತು ಮಂದಿ ಯಕ್ಕಾ. ಕೂಸುಗಳು ಬ್ಯಾರೆ."

ಅವಳು ದೊಡ್ಡ ಸುತ್ತಿಗೆ ಎತ್ತಿ ತಳಕ್ಕೆ ಹೊಡೆದಳು. ಮೂರನೇ ಏಟಿಗೆ ತೂತು ಬಿತ್ತು. ಮಾಲೀಕ ಅವಳ ಕೂದಲು ಹಿಡಿದು ತಲೆಯನ್ನು ಗೋಡೆಗೆ ಜಜ್ಜಿದ. ಅಂಬಿಗ ತೂತಿನೊಳಗೆ ಕೈ ಹಾಕಿದ. ಒಣ ನಾರು ಹಿಡಿಯಾಗಿ ಬಂತು. ಅವನು ಮಾಲೀಕನನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಆ ನಾರನ್ನು ಬಾಯಿಗೆ ತುರುಕಿದ.

"ತಿನ್ನಲೇ! ಇದ್ರಾಗ ನನ್ನ ಮಂದೀನ ಕೂಡ್ರಸ್ತಿದ್ದಿ?"

ಆಮೇಲೆ ಎದ್ದು ಕೇಳಿದ: "ಬಣ್ಣ ಹೊಡದಾವ ಯಾವನು?"

ನಾನೇ ಎಂದೆ. ಮೊದಲ ಗುದ್ದಿಗೆ ನನ್ನ ಎರಡು ಹಲ್ಲು ಉದುರಿದವು. ಎರಡನೆಯದನ್ನು ಅವಳು ತಡೆದಳು.