ಹಾಲು ಬಿಟ್ಟರೆ ಮಾತು ಬರುತ್ತದಂತೆ

ಗೆಳೆಯರೇ, ಇಂದು ಗಚ್ಚಿಬೌಲಿಯಲ್ಲಿ ಆಹಾರ ಸಲಹೆಗಾರರೊಬ್ಬರ ಮುಂದೆ ಕುಳಿತು ಬಂದೆವು. ಅಕ್ಕನ ಐದು ವರ್ಷದ ಮಗಳಿಗೆ ಆಟಿಸಂ ಇದೆ, ಇನ್ನೂ ಮಾತು ಬಂದಿಲ್ಲ. ಅವಳು ತಿನ್ನುವುದು ಚಪಾತಿ ಮತ್ತು ಮೊಸರನ್ನ, ಅಷ್ಟೇ. ಸಲಹೆಗಾರರು ಅದನ್ನು ಕೇಳಲೇ ಇಲ್ಲ.

"ಗೋಧಿ, ಹಾಲು, ಮೊಸರು ಪೂರಾ ಬಂದ್ ಮಾಡ್ರಿ. ಮೂರು ತಿಂಗಳದಾಗ ಮಾತಾಡ್ತಾಳ" ಎಂದರು. ಅವರು ಕಲಬುರಗಿ ಕಡೆಯವರು. ಈ ತೆಲುಗು ಊರಿನಲ್ಲಿ ಯಾರಾದರೂ ಕನ್ನಡದಲ್ಲಿ ಮಾತಾಡಿದರೆ ಅಕ್ಕ ಅರ್ಧ ನಂಬಿಬಿಡುತ್ತಾಳೆ.

"ಮಾತಾಡ್ಲಿಲ್ಲ ಅಂದ್ರ ಹೆಂಗ್ರೀ?" ನಾನು ಮೆಲ್ಲಗೆ ಕೇಳಿದೆ.

"ಹಂಗಾದ್ರ ಮನ್ಯಾಗ ಯಾರೋ ಕದ್ದು ತಿನಿಸ್ಯಾರ ಅಂತ ತಿಳೀರಿ."

ಜೊತೆಗೆ ಬಂದಿದ್ದ ನಮ್ಮ ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. "ಅಂದ್ರ ಕೂಸು ಮಾತಾಡಿದ್ರ ನಿಮ್ಮ ಪುಣ್ಯಾ, ಇಲ್ಲಂದ್ರ ನನ್ನ ಪಾಪ, ಹೌದಿಲ್ರೀ? ಮತ್ತ ಅದು ಉಣ್ಣೋದು ಏನು?"

ಅವರು ಅಚ್ಚು ಹಾಕಿಸಿದ ಪಥ್ಯದ ಪಟ್ಟಿಯೊಂದನ್ನು ಅಜ್ಜಿಯ ಮುಂದೆ ಸರಿಸಿದರು.

ಮೊದಲು ಮಕ್ಕಳ ಡಾಕ್ಟರನ್ನು ಕೇಳೋಣ ಎಂದು ಕ್ಯಾಬ್‌ನಲ್ಲಿ ಹೇಳಿದೆ. ಅಕ್ಕ ಕಿಟಕಿಯ ಕಡೆ ತಿರುಗಿ, "ಒಮ್ಮೆ ಅವ್ವಾ ಅಂದ್ರ ಸಾಕು ನನಗ" ಎಂದಳು.

ಮನೆಗೆ ಬಂದೊಡನೆ ಅಕ್ಕ ಮೊಸರಿನ ಪಾತ್ರೆಯನ್ನು ಅಜ್ಜಿಯ ಕೈಗೆ ಎಟುಕದ ಮೇಲಿನ ಕಪಾಟಿಗೆ ಏರಿಸಿದಳು. ಪಥ್ಯ ಶುರುವಾಗುವುದು ಸೋಮವಾರದಿಂದ. ಪರಿಣಾಮ ಇಂದೇ ಕಾಣಿಸಿಕೊಂಡಿದೆ.