ಗೌರಮ್ಮನ ಗಂಗೆ

ಊಟಕ್ಕೆ ಕುಳಿತಲ್ಲೇ ಸಾವಿತ್ರಮ್ಮ ಕುಸಿದರು. ಉಸಿರಿರಲಿಲ್ಲ, ನಾಡಿಯೂ ಸಿಗಲಿಲ್ಲ. ಶಿರಸಿಯ ಈ ವೃದ್ಧಾಶ್ರಮದ ನರ್ಸ್ ನಾನು. ಆಂಬುಲೆನ್ಸ್ ಬರುವ ತನಕ ಕೈ ಬಿಡುವಂತಿಲ್ಲ. ನೆಲಕ್ಕೆ ಮಲಗಿಸಿ ಎದೆ ಒತ್ತತೊಡಗಿದೆ. ಅವರ ಕೋಣೆಯ ಜೊತೆಗಾತಿ ಗೌರಮ್ಮ, ತಮ್ಮ ಕೊನೆಗಾಲಕ್ಕೆಂದು ಕಾಶಿಯಿಂದ ತಂದಿಟ್ಟಿದ್ದ ಗಂಗೆಯ ಗಿಂಡಿಯ ಮುಚ್ಚಳ ಕಿತ್ತು ಓಡಿಬಂದರು.

“ಸಾಕೇ ತಂಗಿ, ಹೋದ್ಲು. ಬಾಯಿಗೆ ಎರಡು ಹನಿ ಬಿಡ್ತೆ.”

ಬಾಯಿಗೆ ನೀರು ಬಿಟ್ಟರೆ ಶ್ವಾಸಕೋಶಕ್ಕೆ ಇಳಿದೀತೆಂದು ಅವರನ್ನು ಮೊಣಕೈಯಿಂದ ತಡೆದು ಮತ್ತೆ ಒತ್ತಿದೆ. ಕೊನೆಗೂ ಸಾವಿತ್ರಮ್ಮ ಉಸಿರೆಳೆದರು.

ಆಸ್ಪತ್ರೆಯಿಂದ ಮರಳಿದವರೇ ಗೆಳತಿಯ ಮೇಲೆ ರೇಗಿದರು. “ನಿನ್ನ ಗಂಗೆ ನಂಗೆಂತಕ್ಕೆ ತೆಗೆದ್ಯೇ?”

ಗೌರಮ್ಮ ಗಿಂಡಿಯನ್ನು ಲೋಟಕ್ಕೆ ಬಗ್ಗಿಸಿ, ಲೋಟವನ್ನು ನನ್ನ ಕೈಗಿತ್ತರು. “ಕುಡಿ ತಂಗಿ. ಅವತ್ತು ಎಷ್ಟು ಬೆವರಿದ್ದೆ!”

ಸಾವಿಗೆಂದು ಕಾಯ್ದಿಟ್ಟ ನೀರನ್ನು ನಾನು ಬಾಯಾರಿಕೆಗೆ ಕುಡಿದೆ.